ಡಯಲ್ ಟೋನ್ ನನಗೆ ಕೇಳಿಸುತ್ತಿತ್ತು, ಮೋಡೆಮ್‌ಗೆ ಕೇಳಿಸುತ್ತಿರಲಿಲ್ಲ

2006ರ ಹೊತ್ತಿಗೆ ಅಂಗಡಿಯವರು ಜೋಡಿಸಿ ಕೊಡುತ್ತಿದ್ದ ಕಂಪ್ಯೂಟರ್‌ಗಳಲ್ಲಿ ಫೋನ್ ಲೈನಿನಲ್ಲಿ ಇಂಟರ್ನೆಟ್ ತರುವ ಒಂದು ಅಗ್ಗದ ಇಂಟರ್ನಲ್ ಮೋಡೆಮ್ ಸಾಮಾನ್ಯವಾಗಿ ಇರುತ್ತಿತ್ತು. ವಿಂಡೋಸ್‌ನಲ್ಲಿ ಅದು ತಕರಾರಿಲ್ಲದೆ ನಡೆಯುತ್ತಿತ್ತು. ಅದರ ಬದಲು ಲಿನಕ್ಸ್ ಹಾಕಿದ ಕೂಡಲೇ ಸತ್ತಂತೆ ಕೂರುತ್ತಿತ್ತು. ಯಾಕೆಂದರೆ ಅದು ಪೂರ್ತಿ ಮೋಡೆಮ್ ಅಲ್ಲ. ಹಳೇ ಎಕ್ಸ್‌ಟರ್ನಲ್ ಮೋಡೆಮ್‌ನ ಡಬ್ಬಿಯೊಳಗೆ ಅದರದ್ದೇ ಚಿಪ್ ಇರುತ್ತಿತ್ತು. ಡೇಟಾವನ್ನು ಶಬ್ದ ಮಾಡಿ ತಂತಿಗೆ ಬಿಡೋದು, ತಂತಿಯಿಂದ ಬಂದ ಶಬ್ದವನ್ನು ಮತ್ತೆ ಡೇಟಾ ಮಾಡೋದು, ಎಲ್ಲ ಆ ಚಿಪ್ಪಿನ ಕೆಲಸ. ಈ ಅಗ್ಗದ ಕಾರ್ಡುಗಳಲ್ಲಿ ಆ ಚಿಪ್ಪೇ ಇಲ್ಲ. ಕೆಲಸವನ್ನೆಲ್ಲ ಕಂಪ್ಯೂಟರಿನ ಪ್ರೊಸೆಸರೇ ಮಾಡಬೇಕು. ಮಾಡಿಸುವ ಸಾಫ್ಟ್‌ವೇರನ್ನು ಹೆಚ್ಚಿನ ಕಂಪನಿಗಳು ವಿಂಡೋಸ್‌ಗೆ ಮಾತ್ರ ಬರೆಯುತ್ತಿದ್ದವು. ಹಾಗಾಗಿ ಅವಕ್ಕೆ ವಿನ್‌ಮೋಡೆಮ್ ಅಂತಲೇ ಹೆಸರು ಬಿತ್ತು.

ನಮ್ಮ ಮನೆ ಕೊಡಗಿನ ನಾಪೋಕ್ಲು ಕಡೆ. ಆ ವರ್ಷದ ಜೂನ್‌ನಲ್ಲಿ ಉಬುಂಟು 6.06 ಅನ್ನುವ ಲಿನಕ್ಸ್ ಬಂದಿತ್ತು. ಬೇಕು ಅಂತ ಕೇಳಿದವರಿಗೆ ಸಿಡಿಯನ್ನು ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿದ್ದರು. ಕದ್ದ ವಿಂಡೋಸ್ ಮನೆಯಲ್ಲಿ ಬೇಡ ಅಂತ ನಾನು ಮೊದಲೇ ತೀರ್ಮಾನ ಮಾಡಿದ್ದೆ, ಸಿಡಿ ಕೈಗೆ ಬಂದ ದಿನವೇ ಹಾಕಿದೆ. ಸೌಂಡ್ ಬಂತು, ಪ್ರಿಂಟರ್ ಬಂತು. ಇಂಟರ್ನೆಟ್ ಮಾತ್ರ ಇಲ್ಲ. ಅಪ್ಪನಿಗೆ ಅದೇ ಬೇಕಾಗಿದ್ದದ್ದು. ನಮ್ಮದು ರೊಬಸ್ಟಾ ಕಾಫಿ ತೋಟ. ರೊಬಸ್ಟಾ ಬೆಲೆ ಲಂಡನ್ ಮಾರುಕಟ್ಟೆ ನೋಡಿಕೊಂಡು ಏರಿಳಿಯುತ್ತದೆ. ಅಲ್ಲಿನ ದರ ನಾಲ್ಕು ಜನರ ಬಾಯಿ ದಾಟಿ ಬರುವ ಮೊದಲು ತಾನೇ ನೋಡಬೇಕು ಅನ್ನೋದು ಅಪ್ಪನ ಆಸೆ.

ಮೊದಲು ಕಾರ್ಡು ಯಾವುದು ಅಂತ ತಿಳಿಯಬೇಕಿತ್ತು. ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ ಅಂತ, ಕಾರ್ಡುಗಳ ಪಟ್ಟಿ ತೋರಿಸುವ ಕಮಾಂಡ್ ಕೊಟ್ಟೆ. ಉದ್ದ ಪಟ್ಟಿಯ ನಡುವೆ ‘ಸ್ಮಾರ್ಟ್‌ಲಿಂಕ್ ಸ್ಮಾರ್ಟ್‌ಪಿಸಿಐ562 56ಕೆ ಮೋಡೆಮ್’ ಅನ್ನುವ ಸಾಲು ಸಿಕ್ಕಿತು. ನೋಡಿ ಖುಷಿಯಾಯಿತು. ಯಾಕೆಂದರೆ ಸ್ಮಾರ್ಟ್‌ಲಿಂಕ್ ಕಾರ್ಡಿಗೆ ಅದನ್ನು ನಡೆಸುವ ಲಿನಕ್ಸ್ ಡ್ರೈವರ್ ಇದೆ, ಎಸ್‌ಎಲ್‌ಮೋಡೆಮ್ ಅಂತ. ಆದರೆ ಅದನ್ನು ನಮ್ಮದೇ ಕರ್ನೆಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಸರಿಯಾಗಿ ಕಂಪೈಲ್ ಮಾಡಿಕೊಳ್ಳಬೇಕು, ಅಂದರೆ ಸೋರ್ಸ್ ಕೋಡನ್ನು ಓಡುವ ರೂಪಕ್ಕೆ ತರಬೇಕು. ಅದಕ್ಕೆ ಬೇಕಾದ ಕರ್ನೆಲ್ ಹೆಡರ್ ಫೈಲುಗಳ ಆವೃತ್ತಿ ಒಂದಂಕಿ ಆಚೀಚೆ ಆದರೂ ಮಾಡ್ಯೂಲ್, ಅಂದರೆ ಕರ್ನೆಲ್‌ಗೆ ಸೇರಿಕೊಳ್ಳುವ ಡ್ರೈವರ್ ತುಂಡು, ಲೋಡ್ ಆಗೋದಿಲ್ಲ. ಯುನೇಮ್ ಅನ್ನುವ ಕಮಾಂಡ್ ಕೊಟ್ಟು ಬಂದ ‘2.6.15-23-386’ ಅನ್ನುವ ಕರ್ನೆಲ್ ಆವೃತ್ತಿಯನ್ನು ಚೀಟಿಯಲ್ಲಿ ಬರೆದುಕೊಂಡು ಮಡಿಕೇರಿ ಬಸ್ ಹತ್ತಿದೆ. ಜುಲೈ ತಿಂಗಳು. ಭಾಗಮಂಡಲದಲ್ಲಿ ನೀರು ಏರಿದೆ ಅಂತ ಬಸ್ಸಿನಲ್ಲೆಲ್ಲ ಅದೇ ಮಾತು. ಸೈಬರ್ ಕೆಫೆಯಲ್ಲಿ ಡ್ರೈವರ್, ಹೆಡರ್, ಕಂಪೈಲ್ ಮಾಡುವ ಜಿಸಿಸಿ ಎಲ್ಲ ಇಳಿಸಿ ಸಿಡಿಗೆ ಬರೆಸಿಕೊಂಡೆ. ಡ್ರೈವರ್ ಒಂದೇ ಆಗಿದ್ದರೆ ಫ್ಲಾಪಿಯಲ್ಲೇ ಹಿಡಿಯುತ್ತಿತ್ತು.

ಕಂಪೈಲ್ ಸಲೀಸಾಗಿ ಮುಗಿಯಿತು. ಮಾಡ್ಯೂಲ್ ಲೋಡ್ ಮಾಡಿ ಕರ್ನೆಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನಲ್ಲಿ ನೋಡಿದರೆ ಕರ್ನೆಲ್ ಒಂದು ಎಚ್ಚರಿಕೆ ಬರೆದಿತ್ತು: ಈ ಮಾಡ್ಯೂಲ್‌ನ ಲೈಸೆನ್ಸ್ ‘ಸ್ಮಾರ್ಟ್ ಲಿಂಕ್ ಲಿಮಿಟೆಡ್’, ಇದರಿಂದ ಕರ್ನೆಲ್ ಕಲುಷಿತವಾಗುತ್ತದೆ ಅಂತ. ನನಗೆ ಆ ಸಾಲು ಇಷ್ಟವಾಯಿತು. ಡ್ರೈವರ್‌ನ ಒಂದಿಷ್ಟು ಭಾಗ ಓದಬಹುದಾದ ಸಿ ಕೋಡ್. ಆದರೆ ಕಾರ್ಡಿನ ಜೊತೆ ನೇರವಾಗಿ ಮಾತಾಡುವ ಭಾಗ, ಶಬ್ದ ತಯಾರಿಸುವ ಭಾಗ, ಇವೆರಡನ್ನೂ ಕಂಪನಿ ಮೊದಲೇ ಕಂಪೈಲ್ ಮಾಡಿ ಮುಚ್ಚಿಟ್ಟು ಕೊಟ್ಟಿತ್ತು. ಒಳಗೆ ಏನಿದೆ ಅಂತ ಯಾರಿಗೂ ಕಾಣದ ವಸ್ತು ತನ್ನೊಳಗೆ ಬಂದರೆ ಲಿನಕ್ಸ್ ಅದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತದೆ. ಇಂಥ ನೇರ ಮಾತನ್ನು ಬೇರೆ ಸಿಸ್ಟಮ್‌ನಲ್ಲಿ ನಾನು ಕಂಡಿರಲಿಲ್ಲ.

ಎಸ್‌ಎಲ್‌ಮೋಡೆಮ್‌ಡಿ ಅನ್ನುವ ಡೀಮನ್, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್, ಶುರು ಮಾಡಿದೆ. ಅದು ‘ಟಿಟಿವೈಎಸ್‌ಎಲ್0’ ಅಂತ ಒಂದು ಪೋರ್ಟ್ ಹುಟ್ಟಿಸಿ ಕಾಯುತ್ತಾ ನಿಂತಿತು. ಆಮೇಲೆ ನಂಬರ್ ಡಯಲ್ ಮಾಡುವ ಡಬ್ಲ್ಯುವಿಡಯಲ್ ಓಡಿಸಿದೆ. ಪರದೆ ಮೇಲೆ ಬಂದದ್ದು ‘ನೋ ಡಯಲ್‌ಟೋನ್’. ಮತ್ತೆ ಓಡಿಸಿದೆ. ಮತ್ತೆ ಅದೇ.

ಮಳೆಗೆ ಲೈನ್ ಸತ್ತಿರಬೇಕು ಅಂತ ಅಮ್ಮ ಹೇಳಿದರು. ಅದೂ ಸಹಜ. ನಮ್ಮ ಫೋನ್ ತಂತಿ ತೋಟದೊಳಗೆ ಸಿಲ್ವರ್ ಓಕ್ ಮರಗಳ ಮಧ್ಯೆ ಬರುತ್ತದೆ, ಗಾಳಿ ಜೋರಾದರೆ ಕೊಂಬೆ ಬೀಳುತ್ತದೆ. ಹಜಾರದಲ್ಲಿದ್ದ ಫೋನ್ ಎತ್ತಿ ಕಿವಿಗಿಟ್ಟೆ. ಟೋನ್ ಇದೆ. ಸ್ವಲ್ಪ ಕರಕರ ಸದ್ದು, ಅದರ ಹಿಂದೆ ಆ ನಡುಗುವ ಗುರ್ ಅನ್ನುವ ಟೋನ್ ಸ್ಪಷ್ಟವಾಗಿ ಇದೆ. ಹ್ಯಾಂಡ್‌ಸೆಟ್ ಕಿವಿಗೆ ಇಟ್ಟುಕೊಂಡೇ ತಂಗಿಗೆ ಎಂಟರ್ ಒತ್ತು ಅಂದೆ. ಮೋಡೆಮ್ ಲೈನ್ ತೆಗೆದುಕೊಂಡಾಗ ಕಿವಿಯಲ್ಲಿ ಟಿಕ್ ಅಂತ ಸದ್ದಾಯಿತು. ಟೋನ್ ಇನ್ನೂ ಓಡುತ್ತಲೇ ಇತ್ತು. ಆಮೇಲೆ ಮತ್ತೊಂದು ಟಿಕ್. ಒಳಗಿಂದ ತಂಗಿ ಕೂಗಿದಳು, ನೋ ಡಯಲ್‌ಟೋನ್ ಅಂತಲೇ ಬಂತು ಅಂತ. ನನಗೆ ಕೇಳುತ್ತಿರುವುದು ಅದಕ್ಕೆ ಕೇಳುತ್ತಿಲ್ಲ.

ಆಗ ವಿಷಯ ಹೊಳೆಯಿತು. ಇಲ್ಲಿ ಕೇಳಿಸಿಕೊಳ್ಳುತ್ತಿರೋದು ಕಾರ್ಡ್ ಅಲ್ಲ, ಸಾಫ್ಟ್‌ವೇರ್. ಅದು ಯಾವ ಟೋನ್‌ಗೆ ಕಾಯುತ್ತಿದೆ? ಅಮೆರಿಕದಲ್ಲಿ ಡಯಲ್ ಟೋನ್ ಅಂದರೆ 350 ಮತ್ತು 440 ಹರ್ಟ್ಜ್‌ನ ಎರಡು ಸ್ವರ ಕೂಡಿದ್ದು. ನಮ್ಮ ದೇಶದ್ದು 400 ಹರ್ಟ್ಜ್‌ನ ಒಂದೇ ಸ್ವರ, ಅದನ್ನು 25 ಹರ್ಟ್ಜ್‌ನಲ್ಲಿ ಅಲುಗಿಸಿರುತ್ತಾರೆ. ಕಿವಿಗೆ ಬರುವ ಆ ನಡುಕ ಅದೇ. ಡೀಮನ್ ಶುರುವಾದಾಗ ಬರೆದ ಸಾಲುಗಳನ್ನು ಮೇಲಕ್ಕೆ ಹೋಗಿ ಓದಿದೆ. ದೇಶ: ಯುಎಸ್ಎ. ಏನೂ ಹೇಳದಿದ್ದರೆ ಅದು ಹಾಗೇ ಅಂದುಕೊಳ್ಳುತ್ತದೆ. ದೇಶಗಳ ಪಟ್ಟಿ ತೋರಿಸು ಅಂತ ಕೇಳಿದೆ. ಪಟ್ಟಿಯಲ್ಲಿ ಇಂಡಿಯಾ ಇತ್ತು! ಅಷ್ಟು ದೂರದಲ್ಲಿ ಕೂತು ಇದನ್ನು ಬರೆದವರು ಯಾರೋ ನಮ್ಮ ಟೋನ್ ಬೇರೆ ಅಂತ ನೆನಪಿಟ್ಟು ಸೇರಿಸಿದ್ದರಲ್ವಾ. ನನಗೆ ನಿಜಕ್ಕೂ ಮನಸ್ಸು ತುಂಬಿ ಬಂತು.

ಎಕ್ಸ್3 ಅನ್ನುವ ಕಮಾಂಡ್ ಕೊಟ್ಟು, ಟೋನ್ ಕೇಳದಿದ್ದರೂ ಪರವಾಗಿಲ್ಲ ಡಯಲ್ ಮಾಡು ಅಂತಲೂ ಹೇಳಬಹುದಿತ್ತು. ಸಿಟಿಯಲ್ಲಿ ಅದು ಸಾಕು. ಕೊಡಗಿನ ಮಳೆಗಾಲದಲ್ಲಿ ಲೈನ್ ನಿಜವಾಗಿಯೂ ಸಾಯುತ್ತದೆ. ಟೋನ್ ಇಲ್ಲದಿದ್ದರೆ ಇಲ್ಲ ಅಂತ ಹೇಳುವ ಮೋಡೆಮ್ಮೇ ನಮಗೆ ಬೇಕು.

ಡೀಮನನ್ನು ನಿಲ್ಲಿಸಿ, ದೇಶ ಇಂಡಿಯಾ ಅಂತ ಕೊಟ್ಟು ಮತ್ತೆ ಶುರು ಮಾಡಿದೆ. ಈ ಸಲ ಟೋನ್ ಸಿಕ್ಕಿತು, ನಂಬರ್ ಹೋಯಿತು, ಆಚೆ ಕಡೆಯ ಮೋಡೆಮ್‌ನ ಕಿರುಚಾಟ ಹ್ಯಾಂಡ್‌ಸೆಟ್‌ನಲ್ಲಿ ಕೇಳಿತು. ‘ಕನೆಕ್ಟ್ 31200’. ಆದರೂ ಸ್ವಲ್ಪ ಹೊತ್ತಿಗೇ ಕಡಿದುಹೋಯಿತು. ಎಸ್‌ಎಲ್‌ಮೋಡೆಮ್‌ಡಿ ಕೊಡೋದು ನಿಜವಾದ ಸೀರಿಯಲ್ ಪೋರ್ಟ್ ಅಲ್ಲ, ಅದರಲ್ಲಿ ಸಂಪರ್ಕ ಇದೆ ಅಂತ ತಿಳಿಸುವ ಕ್ಯಾರಿಯರ್ ಸಿಗ್ನಲ್ ಬರೋದಿಲ್ಲ. ಅದು ಕಾಣದೆ ಡಬ್ಲ್ಯುವಿಡಯಲ್ ಲೈನ್ ಹೋಯಿತು ಅಂದುಕೊಳ್ಳುತ್ತದೆ. ಕಾನ್ಫಿಗ್ ಫೈಲಿನಲ್ಲಿ ‘ಕ್ಯಾರಿಯರ್ ಚೆಕ್ = ನೋ’ ಅನ್ನುವ ಒಂದು ಸಾಲು ಸೇರಿಸಿದೆ, ನಿಂತಿತು. ಡಿವೈಸ್ ಫೈಲುಗಳನ್ನು ನೋಡಿಕೊಳ್ಳುವ ಯುಡೆವ್‌ನಿಂದಾಗಿ ರೀಬೂಟ್ ಆದಾಗಲೆಲ್ಲ ಡಿವೈಸ್ ಫೈಲ್ ಮಾಯವಾಗುತ್ತಿತ್ತು. ಅದಕ್ಕೂ ಕಂಪ್ಯೂಟರ್ ಶುರುವಾದಾಗ ಓಡುವ ಆರ್‌ಸಿ.ಲೋಕಲ್ ಫೈಲಿನಲ್ಲಿ ಒಂದು ಸಾಲು ಹಾಕಿದೆ.

ಸೆಕೆಂಡಿಗೆ 31200 ಬಿಟ್ ಅಂದರೆ ನಾಲ್ಕು ಕಿಲೋಬೈಟ್ ಕೂಡ ಇಲ್ಲ. 100 ಕಿಲೋಬೈಟ್‌ನ ಪುಟಕ್ಕೆ ಅರ್ಧ ನಿಮಿಷ ಕಾಯಬೇಕು. ಅಪ್ಪ ಕುರ್ಚಿ ಎಳೆದುಕೊಂಡು ಕೂತು ಲಂಡನ್ ದರ ಬರುವವರೆಗೂ ಕಾದರು. ಟನ್ನಿಗೆ ಡಾಲರ್ ಲೆಕ್ಕದಲ್ಲಿದ್ದದ್ದನ್ನು ನಮ್ಮ 50 ಕೆಜಿ ಚೀಲಕ್ಕೆ ಕಾಗದದ ಮೇಲೆ ಇಳಿಸಿ, ಆ ಕಾಗದವನ್ನು ಜೇಬಿಗೆ ಹಾಕಿಕೊಂಡು ನಾಪೋಕ್ಲು ಪೇಟೆಗೆ ಹೋದರು.

ಆ ಕಾರ್ಡು ಅದೇ ಕಂಪ್ಯೂಟರ್ ಇರುವವರೆಗೂ ದುಡಿಯಿತು. ಮುಂದೆ 64-ಬಿಟ್ ಸಿಸ್ಟಮ್ ಹಾಕಿದಾಗ ಅದನ್ನು ಎಬ್ಬಿಸಲು ಆಗಲಿಲ್ಲ. ಕಂಪನಿ ಮುಚ್ಚಿಟ್ಟು ಕೊಟ್ಟ ಆ ಎರಡು ತುಂಡುಗಳೂ 32-ಬಿಟ್‌ಗೆ ಮಾತ್ರ ಇದ್ದವು. ಅವನ್ನು ಮತ್ತೆ ಕಂಪೈಲ್ ಮಾಡಲು ಸೋರ್ಸ್ ಕೋಡ್ ನಮ್ಮ ಕೈಯಲ್ಲಿ ಇಲ್ಲ. ಉಳಿದ ಸಿ ಕೋಡನ್ನು ಮಾತ್ರ ಹೊಸ ಹೊಸ ಕರ್ನೆಲ್‌ಗೆ ಜನ ತಿದ್ದುತ್ತಲೇ ಇದ್ದರು. ಆ ಎರಡು ಫೈಲುಗಳ ಸೋರ್ಸನ್ನೂ ಅವರ ಕೈಗೆ ಕೊಟ್ಟಿದ್ದರೆ 64-ಬಿಟ್‌ಗೂ ತಿದ್ದಿಕೊಡುತ್ತಿದ್ದರು ಅಂತ ನನಗೆ ಪೂರ್ತಿ ನಂಬಿಕೆ ಇದೆ.