ಕರೆಂಟ್ ಹೋದ ಸಂಜೆ ಮಗನ ಕೈಯಲ್ಲಿದ್ದ ಫೋನು

ಮೂಡಿಗೆರೆಯಿಂದ ಏಳೆಂಟು ಕಿಲೋಮೀಟರ್ ಒಳಗಿರುವ ನಮ್ಮ ಮನೆಯಲ್ಲಿ, ಜುಲೈ ತಿಂಗಳ ಮಳೆಗೆ ಕರೆಂಟ್ ಹೋದರೆ ಎರಡು ಮೂರು ದಿನ ಬಾರದಿರುವುದು ಹೊಸದೇನಲ್ಲ. ಹೋದ ಮಳೆಗಾಲದಲ್ಲಿ ಅಂಥದ್ದೇ ಒಂದು ಸಂಜೆ, ಹನ್ನೊಂದು ವರ್ಷದ ನನ್ನ ಮಗ ಜಗಲಿಯ ಮೂಲೆಯಲ್ಲಿ, ಎರಡು ಕಡ್ಡಿ ಸಿಗ್ನಲ್ ಸಿಗುವ ಕಿಟಕಿಯ ಪಕ್ಕ, ನನ್ನ ಹಳೆಯ ಫೋನು ಹಿಡಿದು ಕುಳಿತಿದ್ದ. ದೀಪ ತಂದಿಡಲು ಹೋದ ನನ್ನನ್ನು ಕಂಡೊಡನೆ ಫೋನಿನ ಪರದೆಯನ್ನು ಎದೆಗೆ ಒತ್ತಿಕೊಂಡ. ಏನೆಂದು ಕೇಳಿದೆ. ಅವನ ತುಟಿ ನಡುಗಿತು.

ಅರ್ಧ ಗಂಟೆಯ ನಂತರ ವಿಷಯ ತಿಳಿಯಿತು. ಆನ್‌ಲೈನ್ ಆಟವೊಂದರಲ್ಲಿ ಪರಿಚಯವಾದ ಯಾರೋ ಮೂರು ವಾರಗಳಿಂದ ಇವನೊಂದಿಗೆ ಮಾತನಾಡುತ್ತಿದ್ದರು. ಮೊದಲು ಆಟದೊಳಗೆ ಬೇಕಾಗುವ ಡೈಮಂಡ್‌ಗಳನ್ನು ಉಡುಗೊರೆಯಾಗಿ ಕೊಟ್ಟು, ಆಮೇಲೆ ಊರು ಯಾವುದು, ಶಾಲೆ ಯಾವುದು ಎಂದು ವಿಚಾರಿಸಿ, ಅಲ್ಲಿಂದ ಬೇರೊಂದು ಆ್ಯಪ್‌ಗೆ ಬರಲು ಹೇಳಿ, ಕೊನೆಗೆ ಫೋಟೊ ಕೇಳಿದ್ದರು. ಇವನು ಸಮವಸ್ತ್ರದಲ್ಲಿರುವ ಒಂದು ಫೋಟೊ ಕಳಿಸಿದ್ದ. ಜೇಬಿನ ಮೇಲಿನ ಬ್ಯಾಡ್ಜ್‌ನಲ್ಲಿ ಶಾಲೆಯ ಹೆಸರು ಸ್ಪಷ್ಟವಾಗಿ ಓದಲು ಸಿಗುತ್ತಿತ್ತು. ಆ ಸಂಜೆ ಬಂದ ಸಂದೇಶ, ಇನ್ನೊಂದು ಬಗೆಯ ಫೋಟೊ ಕಳಿಸು, ಮನೆಯಲ್ಲಿ ಹೇಳಬೇಡ ಎಂಬುದಾಗಿತ್ತು.

ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ: “ಹೇಳಿದ್ರೆ ಫೋನ್ ಕಿತ್ಕೋತೀಯ ಅಲ್ವಾ ಅಮ್ಮ.” ಹೌದು, ಆ ಮಾತನ್ನು ನಾನೇ ಅವನಿಗೆ ಎಷ್ಟೋ ಸಲ ಹೇಳಿದ್ದೆ. ಅಪರಿಚಿತರ ಜೊತೆ ಮಾತಾಡಿದರೆ ಫೋನ್ ಇಲ್ಲ ಎಂದು ನಾನು ಹಾಕಿದ ಬೆದರಿಕೆಯೇ ಆ ಅಪರಿಚಿತನ ಗುಟ್ಟನ್ನು ಮೂರು ವಾರ ಕಾಪಾಡಿತ್ತು.

ನಾನು ಏನೂ ಮಾಡದೆ ಕುಳಿತವಳಲ್ಲ. ಫೋನಿನಲ್ಲಿ ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿ, ಹೊಸ ಆ್ಯಪ್‌ಗೆ ನನ್ನ ಒಪ್ಪಿಗೆ ಬೇಕೆಂದು ಮಾಡಿದ್ದೆ. ವೈಫೈ ರೌಟರ್‌ನಲ್ಲಿ ಡಿಎನ್‌ಎಸ್ ವಿಳಾಸವನ್ನು, ಅಂದರೆ ಜಾಲತಾಣದ ಹೆಸರು ಕೊಟ್ಟರೆ ಅದು ಎಲ್ಲಿದೆ ಎಂದು ಹುಡುಕಿಕೊಡುವ ಸೇವೆಯ ವಿಳಾಸವನ್ನು, ಕ್ಲೌಡ್‌ಫ್ಲೇರ್ ಕಂಪನಿಯ 1.1.1.3 ಎಂದು ಬದಲಿಸಿದ್ದೆ; ಅಶ್ಲೀಲ ಜಾಲತಾಣಗಳನ್ನು ಅದು ತಡೆಯುತ್ತದೆ. ಇವೆರಡೂ ಬೇಕಾದವೇ, ಈಗಲೂ ಇಟ್ಟುಕೊಂಡಿದ್ದೇನೆ. ಆದರೆ ಕರೆಂಟ್ ಹೋದೊಡನೆ ರೌಟರ್ ಆರಿ ಫೋನು ಮೊಬೈಲ್ ಡೇಟಾಕ್ಕೆ ಹೋಗುತ್ತದೆ, ಅಲ್ಲಿ ರೌಟರ್‌ನ ತಡೆ ನಡೆಯುವುದಿಲ್ಲ ಎಂಬುದು ನಮ್ಮಂಥ ಮಲೆನಾಡಿನ ಮನೆಯವರಿಗೆ ಮೊದಲೇ ಹೊಳೆಯಬೇಕಿತ್ತು. ಫ್ಯಾಮಿಲಿ ಲಿಂಕ್ ಮಗುವಿನ ಚಾಟ್ ಸಂದೇಶಗಳನ್ನು ಪೋಷಕರಿಗೆ ತೋರಿಸುವುದಿಲ್ಲ. ಆ ಎರಡನೆಯ ಆ್ಯಪ್‌ಗೂ, ಆಟಕ್ಕೂ ಒಪ್ಪಿಗೆ ಕೊಟ್ಟವಳು ನಾನೇ. ಆಟದೊಳಗಿನ ಚಾಟ್ ಸೆಟ್ಟಿಂಗ್ ಅನ್ನು ಮಾತ್ರ ಒಮ್ಮೆಯೂ ತೆರೆದು ನೋಡಿರಲಿಲ್ಲ.

ಎಲ್ಲವನ್ನೂ ಆಗಲೇ ಅಳಿಸಿಬಿಡಬೇಕು ಎಂದು ಕೈ ತುಡಿಯಿತು. ಹಾಗೆ ಮಾಡಬಾರದು, ಸಾಕ್ಷ್ಯವೇ ಹೋಗುತ್ತದೆ. ಆ ವ್ಯಕ್ತಿಯ ಐಡಿ, ದಿನಾಂಕ, ಸಮಯ ಕಾಣುವಂತೆ ಒಂದೊಂದೇ ಸ್ಕ್ರೀನ್‌ಶಾಟ್ ತೆಗೆದು, ಆ ಬಳಿಕ ರಿಪೋರ್ಟ್ ಮಾಡಿ ಬ್ಲಾಕ್ ಮಾಡಿದೆವು. ಕೇಂದ್ರ ಗೃಹ ಸಚಿವಾಲಯದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳ ವಿರುದ್ಧದ ಅಪರಾಧಗಳಿಗೆ ಪ್ರತ್ಯೇಕ ವಿಭಾಗವಿದ್ದು, ಹೆಸರು ಹೇಳದೆಯೂ ದೂರು ಕೊಡಲು ಅಲ್ಲಿ ಅವಕಾಶವಿದೆ. ನಾವು ಹೆಸರು ಕೊಟ್ಟೇ ದೂರಿತ್ತೆವು. ಮಕ್ಕಳ ಸಹಾಯವಾಣಿ 1098ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಮಗುವೇ ಮಾಡಬಹುದು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಲೈಂಗಿಕ ಉದ್ದೇಶದಿಂದ ಮಗುವನ್ನು ಎಲೆಕ್ಟ್ರಾನಿಕ್ ಮಾಧ್ಯಮದ ಮೂಲಕ ಪದೇ ಪದೇ ಸಂಪರ್ಕಿಸುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧವೆಂಬುದನ್ನು ಮಗನಿಗೂ ಅರ್ಥವಾಗುವ ಮಾತಿನಲ್ಲಿ ಹೇಳಿದೆ, ಏಕೆಂದರೆ ಅವನು ಆ ಹೊತ್ತಿಗೂ ತಪ್ಪು ತನ್ನದೇ ಎಂದುಕೊಂಡಿದ್ದ. ನಮ್ಮ ಪುಣ್ಯಕ್ಕೆ ಅವನು ಆ ಎರಡನೆಯ ಫೋಟೊ ಕಳಿಸಿರಲಿಲ್ಲ. ಕಳಿಸಿಬಿಟ್ಟ ಮಕ್ಕಳಿಗೂ ದಾರಿಯಿದೆ: ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆಯಲ್ಲಿ ಚಿತ್ರವು ಫೋನು ಬಿಟ್ಟು ಹೊರಗೆ ಹೋಗುವುದೇ ಇಲ್ಲ, ಅದರ ಡಿಜಿಟಲ್ ಗುರುತು ಮಾತ್ರ ಹೋಗಿ, ಆ ಸೇವೆಗೆ ಸೇರಿದ ಜಾಲತಾಣಗಳಲ್ಲಿ ಅದನ್ನು ಹುಡುಕಿ ತೆಗೆಯಲು ನೆರವಾಗುತ್ತದೆ.

ಆ ರಾತ್ರಿ ನನಗೆ ಇನ್ನೊಂದು ಸಂಗತಿ ನೆನಪಾಯಿತು. ಶಾಲೆ ಶುರುವಾದ ದಿನ, ಅದೇ ಸಮವಸ್ತ್ರದ, ಅದೇ ಬ್ಯಾಡ್ಜ್ ಕಾಣುವ ಅವನ ಫೋಟೊವನ್ನು ನಾನೇ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದೆ, ಫೇಸ್‌ಬುಕ್ಕಿಗೂ ಹಾಕಿದ್ದೆ. ಎದ್ದು ಕುಳಿತು ಫೇಸ್‌ಬುಕ್ಕಿನ ಹಳೆಯ ಫೋಟೊಗಳನ್ನು ಒಂದೊಂದಾಗಿ ತೆಗೆದೆ. ಮಗುವಿಗೆ ಕಲಿಸುವುದಕ್ಕೆ ಮುಂಚೆ ನಾವು ಬಿಡಬೇಕಾದ ಅಭ್ಯಾಸಗಳಲ್ಲಿ ಇದನ್ನು ಮೊದಲಿಗಿಡುತ್ತೇನೆ.

ಈಗ ಆಟದ ಚಾಟ್ ಪರಿಚಯದ ಸ್ನೇಹಿತರಿಗಷ್ಟೇ ತೆರೆದಿದೆ, ರಾತ್ರಿ ಎಲ್ಲರ ಫೋನೂ ನಡುಮನೆಯಲ್ಲೇ ಚಾರ್ಜ್ ಆಗುತ್ತದೆ. ಇವಕ್ಕಿಂತ ಕಷ್ಟವಾದದ್ದು, ಏನೇ ಆದರೂ ಬಂದು ಹೇಳಿದರೆ ಫೋನು ಕಿತ್ತುಕೊಳ್ಳುವುದಿಲ್ಲ ಎಂದು ನಾನು ಕೊಟ್ಟ ಮಾತು. ಕೊಡುವುದು ಸುಲಭವಿತ್ತು. ಹೋದ ಭಾನುವಾರ ಅಕ್ಕಿ ರೊಟ್ಟಿ ತಟ್ಟುತ್ತಿದ್ದಾಗ ಅವನು ಅಡುಗೆಮನೆಗೆ ಬಂದು, ಪರದೆಯನ್ನು ನನ್ನ ಕಡೆ ತಿರುಗಿಸಿ, “ಅಮ್ಮ, ಇದನ್ನ ಒತ್ತಿಬಿಟ್ಟೆ” ಎಂದ. ಉಚಿತ ಡೈಮಂಡ್ ಕೊಡುವುದಾಗಿ ಹೇಳುವ ಯಾವುದೋ ಲಿಂಕು. ಸಿಟ್ಟು ನೆತ್ತಿಗೇರಿತು, ಬಾಯಿಗೂ ಬಂತು, ನುಂಗಿಕೊಂಡೆ. ಕೈ ತೊಳೆದು ಅವನ ಪಕ್ಕ ಕುಳಿತು, ಇಬ್ಬರೂ ಸೇರಿ ಪಾಸ್‌ವರ್ಡ್ ಬದಲಿಸಿದೆವು. ಅಷ್ಟರಲ್ಲಿ ಕಾವಲಿಯ ಮೇಲಿದ್ದ ರೊಟ್ಟಿ ಸೀದುಹೋಗಿತ್ತು.