ಏಪ್ರಿಲ್ ಬಿಸಿಲು ಬಂತು, ಟೊಮೆಟೊ ಸಸಿ ನೆಡಬಹುದಾ?

ಯುಗಾದಿ ಕಳೆಯುತ್ತಿದ್ದ ಹಾಗೆ ಈ ಪ್ರಶ್ನೆ ಶುರುವಾಗುತ್ತದೆ. ಕನ್ನಡ ಕೂಟದ ಹಬ್ಬದೂಟದಲ್ಲಿ ಕೇಳುತ್ತಾರೆ. ದೇವಸ್ಥಾನದ ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಕೇಳುತ್ತಾರೆ. "ಬಿಸಿಲು ಚೆನ್ನಾಗಿ ಬಂತಲ್ಲಾ, ಅಂಗಡಿಗೆ ಸಸಿನೂ ಬಂದಿದೆ. ಟೊಮೆಟೊ, ಬದನೆ ನೆಟ್ಟುಬಿಡಲಾ?"

ನಾನಿರುವುದು ಚಿಕಾಗೋದ ಪಶ್ಚಿಮಕ್ಕಿರುವ ನೇಪರ್‌ವಿಲ್‌ನಲ್ಲಿ. ನನ್ನ ಉತ್ತರ ಪ್ರತಿ ವರ್ಷವೂ ಒಂದೇ. ಈಗಲೇ ಬೇಡ, ಮೇ ತಿಂಗಳ ಮಧ್ಯದವರೆಗೆ ತಡೆಯಿರಿ.

ಊರಿನಲ್ಲಿ ನಮ್ಮ ಅಜ್ಜ ತಾರೀಖು ನೋಡುತ್ತಿರಲಿಲ್ಲ, ಮಳೆ ನಕ್ಷತ್ರ ಎಣಿಸುತ್ತಿದ್ದರು. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅಂತ ಅವರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ. ಆ ಭರಣಿ ಬರುವುದು ಏಪ್ರಿಲ್ ಕೊನೆಗೆ, ಮೇ ಮೊದಲ ವಾರಕ್ಕೆ. ಸರಿಯಾಗಿ ಅದೇ ದಿನಗಳಲ್ಲಿ ಇಲ್ಲಿ ಒಂದೇ ರಾತ್ರಿಗೆ ಸಸಿಯೆಲ್ಲ ಸುಟ್ಟ ಹಾಗೆ ಕಪ್ಪಾಗಿ ಹೋಗಬಹುದು. ಊರಿನಲ್ಲಿ ನಾವು ಕಾಯುತ್ತಿದ್ದದ್ದು ನೀರಿಗೆ. ಇಲ್ಲಿ ಹನ್ನೆರಡು ತಿಂಗಳೂ ಮಳೆಯೋ ಹಿಮವೋ ಏನೋ ಒಂದು ಬೀಳುತ್ತದೆ. ಕಾಯಬೇಕಾದದ್ದು ಮಣ್ಣು ಬೆಚ್ಚಗಾಗುವುದಕ್ಕೆ.

ಮೊದಲ ವರ್ಷ ನನಗೂ ಇದು ಗೊತ್ತಿರಲಿಲ್ಲ. ಏಪ್ರಿಲ್ ಕೊನೆಯ ಶನಿವಾರ, ಹಗಲು 24 ಡಿಗ್ರಿ ಸೆಲ್ಸಿಯಸ್. ಹನ್ನೆರಡು ಸಸಿ ನೆಟ್ಟೆ. ಮಂಗಳವಾರ ಬೆಳಿಗ್ಗೆ ನೋಡಿದರೆ ಹುಲ್ಲಿನ ಮೇಲೆ ಬಿಳಿ ಪುಡಿ ಚೆಲ್ಲಿದ ಹಾಗಿತ್ತು. ಬಿಸಿಲೇರುವಷ್ಟರಲ್ಲಿ ಎಲೆಗಳು ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದವು. ಫ್ರಾಸ್ಟ್ ಅಂದರೆ ಏನು ಅಂತ ಅವತ್ತು ಕಂಡೆ. ಇಬ್ಬನಿ ಬೀಳುವ ಬದಲು ಎಲೆಯ ಮೇಲೇ ಮಂಜುಗಡ್ಡೆಯ ಹರಳು ಕಟ್ಟುತ್ತದೆ.

ಹವಾಮಾನ ಹೀಗೆ ತಿರುಗಿಬೀಳುವುದಕ್ಕೆ ಈ ನೆಲವೇ ಕಾರಣ. ಉತ್ತರದಲ್ಲಿ ಕೆನಡಾ, ದಕ್ಷಿಣದಲ್ಲಿ ಮೆಕ್ಸಿಕೋ ಕೊಲ್ಲಿ. ನಡುವೆ ಪೂರ್ವ ಪಶ್ಚಿಮವಾಗಿ ಅಡ್ಡ ನಿಂತ ಒಂದು ಬೆಟ್ಟದ ಸಾಲೂ ಇಲ್ಲ. ಹಿಮಾಲಯ ನಮ್ಮನ್ನು ಕಾಯುವ ಹಾಗೆ ಇಲ್ಲಿ ಯಾರೂ ಕಾಯುವುದಿಲ್ಲ. ಇವತ್ತು ದಕ್ಷಿಣದ ಬಿಸಿ ತೇವದ ಗಾಳಿ, ನಾಳೆ ಧ್ರುವದ ಕಡೆಯ ಚಳಿಗಾಳಿ. ಅದಕ್ಕೇ ನಾನು ಹಗಲಿನ ಬಿಸಿಲನ್ನು ನಂಬುವುದಿಲ್ಲ, ರಾತ್ರಿಯನ್ನು ನೋಡುತ್ತೇನೆ. ಮೋಡ ಇದ್ದರೆ ಅದು ಕಂಬಳಿ ಹೊದಿಸಿದ ಹಾಗೆ, ಭಯ ಕಡಿಮೆ. ಗಾಳಿಯಿಲ್ಲದೆ ಆಕಾಶ ತಿಳಿಯಾಗಿದ್ದು ನಕ್ಷತ್ರ ಫಳಫಳ ಹೊಳೆಯುತ್ತಿದ್ದರೆ ಹುಷಾರಾಗಿರಬೇಕು. ಮುನ್ಸೂಚನೆ 2 ಡಿಗ್ರಿ ಅಂದರೂ ನೆಲದ ಮಟ್ಟದಲ್ಲಿ ಸೊನ್ನೆಗೆ ಇಳಿದಿರಬಹುದು, ಯಾಕೆಂದರೆ ಅವರು ಅಳೆಯುವುದು ಆಳೆತ್ತರದ ಗಾಳಿಯನ್ನು. ಹಿತ್ತಲಿನ ತಗ್ಗಿನಲ್ಲಿ ಇನ್ನೂ ಜಾಸ್ತಿ, ತಣ್ಣನೆ ಗಾಳಿ ನೀರಿನ ಹಾಗೆ ತಗ್ಗಿಗೆ ಹರಿಯುತ್ತದೆ.

ಸುಮ್ನೆ ಒಂದು ಮಣ್ಣಿನ ಥರ್ಮಾಮೀಟರ್ ಕೊಂಡುಕೊಳ್ಳಿ. ಬೆಳಿಗ್ಗೆ ನಾಲ್ಕು ಬೆರಳಿನಷ್ಟು ಆಳಕ್ಕೆ ಚುಚ್ಚಿ ನೋಡಿ. 15 ಡಿಗ್ರಿ ದಾಟಿ, ರಾತ್ರಿಗಳೂ 10ರ ಮೇಲೆ ನಿಂತರೆ ಟೊಮೆಟೊ ನೆಡಿ. ಬದನೆ, ಬೆಂಡೆ, ಮೆಣಸಿನಕಾಯಿ ಇನ್ನೊಂದು ಎರಡು ವಾರ ತಡೆದರೆ ಒಳ್ಳೆಯದು. ತಣ್ಣನೆ ಮಣ್ಣಿಗೆ ಬಿದ್ದ ಬೆಂಡೆ ಬೀಜ ಕೊಳೆತುಹೋಗುತ್ತದೆ.

ಹಾಗಂತ ಏಪ್ರಿಲ್‌ನಲ್ಲಿ ಕೈಕಟ್ಟಿ ಕೂರಬೇಕಿಲ್ಲ. ಮೆಂತ್ಯ, ಕೊತ್ತಂಬರಿ, ಪಾಲಕ್, ಮೂಲಂಗಿ, ಬಟಾಣಿಗೆ ಈ ಚಳಿಯೇ ಇಷ್ಟ. ಕೊತ್ತಂಬರಿ ಜೂನ್‌ನಲ್ಲಿ ಹೂ ಬಿಟ್ಟುಬಿಡುತ್ತದೆ, ಈಗಲೇ ಹಾಕಿದರೆ ಕೈತುಂಬ ಸಿಗುತ್ತದೆ. ಜುಲೈ ಬಂತೆಂದರೆ ಊರಿನ ಕಡೆಯ ಗಿಡಗಳ ಕಾಲ. ಸುತ್ತಲಿನ ಮೆಕ್ಕೆಜೋಳದ ಹೊಲಗಳು ತೇವ ಬಿಡುತ್ತವೆ, ಇಲ್ಲಿನವರು ಅದಕ್ಕೆ 'ಜೋಳ ಬೆವರುತ್ತಿದೆ' ಎನ್ನುತ್ತಾರೆ. ಮಂಗಳೂರಿನ ಸೆಕೆ ನೆನಪಾಗುತ್ತದೆ. ದಂಟು, ಸೋರೆ, ಬೆಂಡೆ ಕಣ್ಣೆದುರೇ ಬೆಳೆಯುತ್ತವೆ.

ಎರಡನೇ ಪ್ರಶ್ನೆ ಅವರೆಕಾಯಿಯದು. ಇದನ್ನು ಕೇಳುವವರ ದನಿಯಲ್ಲಿ ಆಸೆ ಜಾಸ್ತಿ. "ಬಳ್ಳಿ ಬೇಲಿ ತುಂಬಾ ಹಬ್ಬಿದೆ, ಒಂದು ಹೂವೂ ಇಲ್ಲ, ಗೊಬ್ಬರ ಕಡಿಮೆಯಾಯ್ತಾ?" ಗೊಬ್ಬರದ ತಪ್ಪಲ್ಲ. ನಮ್ಮ ಸೊಗಡಿನ ಅವರೆ ಹೂ ಬಿಡುವುದು ಹಗಲು ಚಿಕ್ಕದಾದಾಗ. ಬೆಂಗಳೂರಿನಲ್ಲಿ ವರ್ಷದ ಅತಿ ದೊಡ್ಡ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಇಲ್ಲಿ ಜೂನ್ 21ರ ಹಗಲು 15 ಗಂಟೆ ದಾಟುತ್ತದೆ. ಬಳ್ಳಿ ಕಾಯುತ್ತದೆ, ಕಾಯುತ್ತದೆ. ಸೆಪ್ಟೆಂಬರ್ ಮಧ್ಯದಲ್ಲಿ ಹಗಲು ಹನ್ನೆರಡೂವರೆ ಗಂಟೆಗೆ ಇಳಿದಾಗ ನೇರಳೆ ಹೂ ಗೊಂಚಲು ಗೊಂಚಲಾಗಿ ಬರುತ್ತದೆ. ಅಕ್ಟೋಬರ್ ಮಧ್ಯಕ್ಕೆ ಫ್ರಾಸ್ಟ್. ಕಾಳು ತುಂಬುವುದಕ್ಕೆ ಅಷ್ಟು ದಿನ ಸಾಲುವುದಿಲ್ಲ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಇದಕ್ಕೆ ದಾರಿ ಇದೆ, ಅದೂ ನಮ್ಮವರೇ ಮಾಡಿಕೊಟ್ಟದ್ದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಅನ್ನುವ ಗಿಡ್ಡ ತಳಿಗಳನ್ನು ತಂದಿತು. ಅವು ಹಗಲಿನ ಉದ್ದ ನೋಡುವುದಿಲ್ಲ, ವಯಸ್ಸಿಗೆ ಬಂದಾಗ ಹೂ ಬಿಡುತ್ತವೆ. ಊರಿನಲ್ಲಿ ವರ್ಷವಿಡೀ ಅವರೆ ಸಿಗುವುದು ಇಂಥ ತಳಿಗಳಿಂದಲೇ. ಆದರೆ ಒಂದು ಮಾತು. ಬಿತ್ತನೆ ಬೀಜವನ್ನು ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಸೂಟ್‌ಕೇಸ್‌ನಲ್ಲಿ ಹಾಕಿಕೊಂಡು ಬರುವಂತಿಲ್ಲ. ರೋಗ, ಹುಳು ಜೊತೆಗೆ ಬಂದರೆ ಇಲ್ಲಿನ ರೈತರಿಗೆ ಕಷ್ಟ, ದಯವಿಟ್ಟು ತರಬೇಡಿ. ಇಲ್ಲೇ ಬೀಜ ಮಾರುವವರ ಹತ್ತಿರ ಹಗಲಿನ ಉದ್ದಕ್ಕೆ ಕಾಯದ ಗಿಡ್ಡ ಅವರೆ ಇದೆಯಾ ಅಂತ ಕೇಳಿ ತೆಗೆದುಕೊಳ್ಳಿ.

ಸೊಗಡಿನ ಬಳ್ಳಿಯನ್ನೂ ನಾನು ಬಿಟ್ಟಿಲ್ಲ. ಹೂವಿಗೋಸ್ಕರ ಎರಡು ಬಳ್ಳಿ ಹಬ್ಬಿಸುತ್ತೇನೆ. ಅಕ್ಟೋಬರ್‌ನಲ್ಲಿ ಅದು ಬಾಡಿದ ಮೇಲೆ ಕಿತ್ತು, ಅದೇ ಪಾತಿಯಲ್ಲಿ ಬೆಳ್ಳುಳ್ಳಿ ಎಸಳು ಊರುತ್ತೇನೆ. ಬೆಳ್ಳುಳ್ಳಿಗೆ ಇಲ್ಲಿನ ಚಳಿ ಬೇಕೇ ಬೇಕು, ಇಲ್ಲದಿದ್ದರೆ ಗೆಡ್ಡೆ ಎಸಳಾಗಿ ಒಡೆಯುವುದೇ ಇಲ್ಲ. ಮೇಲೆ ಒಣ ಎಲೆ ಹೊದಿಸುತ್ತೇನೆ, ಅದರ ಮೇಲೆ ಹಿಮ ಬಂದು ಕೂರುತ್ತದೆ. ಮಾರ್ಚ್‌ನಲ್ಲಿ ಹಿಮ ಕರಗಿದ ಜಾಗದಲ್ಲಿ, ಹಿತ್ತಲಿನಲ್ಲಿ ಇನ್ನೇನೂ ಹಸಿರಿಲ್ಲದಾಗ, ಆ ಮೊಳಕೆ ಬೆರಳುದ್ದ ನಿಂತಿರುತ್ತದೆ.