ಶೂ ಬ್ರಷ್‌ನೊಳಗೆ ಅಮ್ಮನ ಹಾಡು

ಭಾನುವಾರ, 12 ಅಕ್ಟೋಬರ್ 2025
ಸಾಗರ

ಇವತ್ತು ಮಧ್ಯಾಹ್ನ ಮರಗೆಲಸದ ಆಚಾರ್ರ ಮನೆಯಿಂದ ಶೂ ಬ್ರಷ್ ವಾಪಸ್ ಬಂತು. ಅದರ ಮರದ ಬೆನ್ನಿನೊಳಗೆ ಈಗ 64 ಜಿಬಿಯ ಒಂದು ಪೆನ್‌ಡ್ರೈವ್ ಇದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದೆ, ಸದ್ದಿಲ್ಲ. ಬೆರಳಿನಿಂದ ತಟ್ಟಿದೆ, ಪೊಳ್ಳು ಅನ್ನಿಸಲಿಲ್ಲ. ತುಂಬಾ ಖುಷಿಯಾಯಿತು.

ಯಾಕೆ ಇಷ್ಟೆಲ್ಲ ಅಂತ ಬರೆದಿಡುತ್ತೇನೆ. ಅಮ್ಮ ಮದುವೆ ಮನೆಗಳಲ್ಲಿ ಹಾಡುತ್ತಿದ್ದಳು. ಎಣ್ಣೆ ಹಚ್ಚುವಾಗಿನ ಹಾಡು, ಹಸೆಗೆ ಕರೆಯುವ ಹಾಡು, ಆರತಿ ಹಾಡು. ಕಡೆಗಾಲದಲ್ಲಿ ಅವಳನ್ನು ಕೂರಿಸಿಕೊಂಡು ನಾನೂ ತಂಗಿಯೂ ನೆನಪಿದ್ದಷ್ಟನ್ನು ರೆಕಾರ್ಡ್ ಮಾಡಿಕೊಂಡೆವು. ಮಧ್ಯೆ ಮಧ್ಯೆ ಅವಳ ಕೆಮ್ಮು ಇದೆ, ಹಿಂದೆ ಕುಕ್ಕರ್ ಕೂಗುತ್ತದೆ, ಒಂದು ಕಡೆ ಸಾಲು ಮರೆತು ನಗುತ್ತಾಳೆ. ಅದನ್ನು ಯಾವ ಕಚೇರಿಯಲ್ಲೂ ಅರ್ಜಿ ಕೊಟ್ಟು ಮತ್ತೆ ಪಡೆಯೋಕಾಗಲ್ಲ. ಪಹಣಿ ಕಳೆದರೆ ಸರ್ಕಾರದ 'ಭೂಮಿ' ವೆಬ್‌ಸೈಟಿನಲ್ಲಿ ಇನ್ನೊಂದು ಸಿಗುತ್ತದೆ. ಕ್ರಯಪತ್ರ ಕಳೆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲು ಕೊಡುತ್ತಾರೆ. ಹಾಡು ಹಾಗಲ್ಲ.

ಕಳೆದ ವರ್ಷ ನಮ್ಮ ಬೀದಿಯ ಒಂದು ಮನೆಗೆ ಕಳ್ಳರು ನುಗ್ಗಿದ್ದರು. ಬೀರು ಒಡೆದರು, ಲ್ಯಾಪ್‌ಟಾಪ್ ಬ್ಯಾಗ್ ಎತ್ತಿಕೊಂಡು ಹೋದರು. ಆ ಮನೆಯವರು ಬ್ಯಾಕಪ್ ಇಟ್ಟಿದ್ದರು, ಪಾಪ. ಆದರೆ ಬ್ಯಾಕಪ್ ಹಾರ್ಡ್ ಡಿಸ್ಕ್ ಅದೇ ಬ್ಯಾಗಿನ ಮುಂದಿನ ಜೇಬಿನಲ್ಲಿತ್ತು. ಮಗುವಿನ ಮೊದಲ ವರ್ಷದ ಫೋಟೊ ಅಷ್ಟೂ ಹೋಯಿತು. ಕಳ್ಳನಿಗೆ ಆ ಫೋಟೊ ಬೇಕಿರಲಿಲ್ಲ. ಕಣ್ಣಿಗೆ ಎಲೆಕ್ಟ್ರಾನಿಕ್ ಸಾಮಾನು ಅಂತ ಕಂಡದ್ದೆಲ್ಲ ಹೊತ್ತೊಯ್ದ, ಅಷ್ಟೆ. ಆವತ್ತಿಂದ ನನ್ನ ತಲೆಯಲ್ಲಿ ಒಂದೇ ಯೋಚನೆ. ಒಂದು ಪ್ರತಿಯಾದರೂ ಎಲೆಕ್ಟ್ರಾನಿಕ್ ಸಾಮಾನಿನ ಹಾಗೆ ಕಾಣಬಾರದು.

ಯಾವ ವಸ್ತುವಿನೊಳಗೆ ಇಡೋದು? ಇದಕ್ಕೇ ಜಾಸ್ತಿ ದಿನ ಹಿಡಿಯಿತು. ಸಾಸಿವೆ ಡಬ್ಬಿ, ಅಕ್ಕಿ ಡಬ್ಬ ಬೇಡವೇ ಬೇಡ. ನಮ್ಮ ಅಜ್ಜಿಯರು ದುಡ್ಡಿಟ್ಟ ಜಾಗ ಅದು, ಕಳ್ಳರಿಗೂ ಗೊತ್ತು. ದೇವರ ಮನೆಯಲ್ಲಿ ಬೆಳ್ಳಿ ಇರುತ್ತದೆ ಅಂತ ಅಲ್ಲಿಗೂ ಕೈ ಹಾಕುತ್ತಾರೆ. ಲಟ್ಟಣಿಗೆ ಚೆನ್ನಾಗಿ ಹೊಂದುತ್ತದೆ, ಒಂದು ತುದಿಯಿಂದ ಕೊರೆದರೆ ಸಾಕು. ಆದರೆ ಅದಕ್ಕೆ ದಿನಾ ನೀರು ಬೀಳುತ್ತದೆ. ಸೊಳ್ಳೆ ಮಷಿನ್ ಬಿಸಿಯಾಗುತ್ತದೆ. ಟಿವಿ ರಿಮೋಟಿನಲ್ಲಿ ಶೆಲ್ ಸೋರಿದರೆ ಮುಗಿಯಿತು. ಫೋಟೊ ಫ್ರೇಮಿನ ಹಿಂಬದಿ ಬೇರೆ ಊರಿನಲ್ಲಾದರೆ ಒಳ್ಳೆಯ ಜಾಗ, ನಮ್ಮ ಮಲೆನಾಡಿನ ಗೋಡೆ ಮಳೆಗಾಲದಲ್ಲಿ ಬೆವರುತ್ತದೆ. ಪುಸ್ತಕ ಕೊರೆದು ಇಡಬಹುದು ಅಂತ ನನ್ನವರು ಹೇಳಿದರು. ಪುಸ್ತಕಕ್ಕೆ ಬ್ಲೇಡ್ ಹಾಕೋಕೆ ನನಗೆ ಮನಸ್ಸು ಬರಲ್ಲ. ಅದೂ ಅಲ್ಲದೆ ಯಾವತ್ತೋ ಒಂದು ದಿನ ರದ್ದಿ ಜೊತೆ ತಕ್ಕಡಿ ಹತ್ತುತ್ತದೆ.

ಹೀಗೆ ಒಂದೊಂದೇ ಬಿಡುತ್ತಾ ಬಂದಾಗ ಒಂದು ವಿಷಯ ಸ್ಪಷ್ಟವಾಯಿತು. ಬಚ್ಚಿಟ್ಟ ವಸ್ತುವಿಗೆ ಕಳ್ಳನಿಗಿಂತ ದೊಡ್ಡ ಅಪಾಯ ಮನೆಯವರೇ. ಕಳ್ಳ ಬಂದರೆ ಒಮ್ಮೆ ಬರುತ್ತಾನೆ. ಗುಜರಿಯವನು ಪ್ರತಿ ವಾರ ಬರುತ್ತಾನೆ. ದೀಪಾವಳಿಗೆ ಇನ್ನು ಎಂಟು ದಿನ, ಬೀದಿಯ ಎಲ್ಲ ಮನೆಯಲ್ಲೂ ಅಟ್ಟ ಖಾಲಿಯಾಗುತ್ತಿದೆ. ಹಳೇ ಲೈಟರ್, ಹಳೇ ಟಾರ್ಚ್, ಮುರಿದ ಗಡಿಯಾರ, ಎಲ್ಲ ಚೀಲಕ್ಕೆ ಹೋಗುತ್ತವೆ. ಹಾಗಾಗಿ ಯಾರೂ ಕದಿಯದ ವಸ್ತು ಅಂದರೆ ಸಾಲದು. ಯಾರೂ ಬಿಸಾಡದ ವಸ್ತು ಬೇಕು. ಅದಕ್ಕೆ ನೀರು, ಬಿಸಿ ಎರಡೂ ತಾಗಬಾರದು. ಮನೆಯಿಂದ ಹೊರಗೆ ಹೋಗಲೂಬಾರದು.

ಅಮೆರಿಕದ ಬ್ರೂಕ್ಲಿನ್‌ನಲ್ಲಿ 1953ರಲ್ಲಿ ನಡೆದದ್ದು ಇದಕ್ಕೆ ಒಳ್ಳೇ ಉದಾಹರಣೆ. ಮನೆ ಮನೆಗೆ ಪೇಪರ್ ಹಾಕುವ ಹುಡುಗನೊಬ್ಬನಿಗೆ ಸಿಕ್ಕ ಚಿಲ್ಲರೆಯಲ್ಲಿ ಐದು ಸೆಂಟಿನ ಒಂದು ನಾಣ್ಯವಿತ್ತು. ಅದು ಕೈ ಜಾರಿ ಬಿದ್ದು ಎರಡು ಹೋಳಾಯಿತು. ಒಳಗೆ ಪುಟ್ಟ ಫಿಲ್ಮ್, ಅದರ ತುಂಬಾ ಅಂಕಿಗಳು. ಸೋವಿಯತ್ ಗೂಢಚಾರರ ಸಂದೇಶ ಅದು. ರೀನೋ ಹೈಹಾನೆನ್ ಅನ್ನುವ ಗೂಢಚಾರ 1957ರಲ್ಲಿ ಅಮೆರಿಕದ ಕಡೆ ಸೇರಿ ಗುಟ್ಟು ಹೇಳುವ ತನಕ ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐಗೆ ಅದನ್ನು ಓದಲು ಆಗಲಿಲ್ಲ. ಆಮೇಲೆ ಇನ್ನೊಬ್ಬ ಸೋವಿಯತ್ ಗೂಢಚಾರ ರುಡಾಲ್ಫ್ ಆಬೆಲ್ ಸಿಕ್ಕಿಬಿದ್ದ. ನಾಣ್ಯವನ್ನು ಎಷ್ಟು ನಾಜೂಕಾಗಿ ಕೊರೆದಿದ್ದರು ನೋಡಿ! ಆದರೆ ನಾಣ್ಯ ಕೈಯಿಂದ ಕೈಗೆ ಹೋಗುವ ವಸ್ತು. ಯಾರದೋ ಜೇಬಿನಿಂದ ಯಾರದೋ ಅಂಗಡಿಗೆ, ಅಲ್ಲಿಂದ ಇನ್ನೆಲ್ಲಿಗೋ. ಎಷ್ಟು ಚೆನ್ನಾಗಿ ಬಚ್ಚಿಟ್ಟರೇನು, ಅದು ನಿಂತ ಕಡೆ ನಿಲ್ಲುವುದಿಲ್ಲ. ಆಬೆಲ್‌ನ ಸಾಮಾನಿನಲ್ಲಿ ಒಳಗೆ ಪೊಳ್ಳು ಮಾಡಿದ ಶೇವಿಂಗ್ ಬ್ರಷ್ ಕೂಡ ಸಿಕ್ಕಿತ್ತು. ಅದನ್ನು ಓದಿದಾಗಲೇ ನನಗೆ ನಮ್ಮ ಮಾವನ ಶೂ ಬ್ರಷ್ ನೆನಪಾದದ್ದು.

ಮಾವ ಹೈಸ್ಕೂಲ್ ಮೇಷ್ಟ್ರಾಗಿದ್ದರು. ದಿನಾ ಬೆಳಿಗ್ಗೆ ಜಗಲಿಯಲ್ಲಿ ಕೂತು ಇದೇ ಬ್ರಷ್‌ನಲ್ಲಿ ಶೂ ಉಜ್ಜುತ್ತಿದ್ದರಂತೆ. ಅವರು ಹೋದ ಮೇಲೂ ಅದು ಚಪ್ಪಲಿ ಸ್ಟ್ಯಾಂಡಿನ ಕೆಳಗಿನ ಡಬ್ಬದಲ್ಲೇ ಇದೆ. ನನ್ನವರೂ ಅದನ್ನೇ ಬಳಸುತ್ತಾರೆ. ಯಾವ ದೀಪಾವಳಿಗೂ ಅದು ಗುಜರಿಗೆ ಹೋಗಿಲ್ಲ, ಹೋಗುವುದೂ ಇಲ್ಲ. ನೀರು ತಾಗದ ವಸ್ತು, ಒಲೆಯಿಂದ ದೂರ, ಮೇಲೆ ಕಪ್ಪು ಮೆತ್ತಿಕೊಂಡಿರುವುದರಿಂದ ಹೊರಗಿನವರು ಮುಟ್ಟುವುದೂ ಕಷ್ಟ.

ಅತ್ತೆಯನ್ನು ಕೇಳದೆ ಅದಕ್ಕೆ ಗರಗಸ ಹಾಕುವ ಪ್ರಶ್ನೆಯೇ ಇರಲಿಲ್ಲ. ಎದುರು ಕೂತು ಎಲ್ಲ ವಿವರಿಸಿದೆ. ಅತ್ತೆ ಸ್ವಲ್ಪ ಹೊತ್ತು ಬ್ರಷ್ ತಿರುಗಿಸಿ ನೋಡಿದರು.

"ನಿಮ್ಮಮ್ಮನ ಹಾಡು ಇದರಲ್ಲಿ ಇರುತ್ತಾ?"

"ಹೌದು ಅತ್ತೆ. ಮಾವನ ಹಳೇ ಫೋಟೊ ಎಲ್ಲ ಸ್ಕ್ಯಾನ್ ಮಾಡಿದ್ವಲ್ಲ, ಅದೂ ಇರುತ್ತೆ."

"ಹಂಗಾದ್ರೆ ಮಾಡು. ಆದ್ರೆ ಆಚಾರ್ರ ಕೈಯಲ್ಲೇ ಕುಯ್ಸು. ನೀವಿಬ್ರೂ ಕೈ ಹಚ್ಚಬೇಡಿ."

ಒಳ್ಳೆಯದೇ ಆಯಿತು. ಶೂ ಬ್ರಷ್‌ನ ಮರ ಬರೀ ಮರವಲ್ಲ. ಕೆಳಗಿನಿಂದ ತೂತು ಕೊರೆದು ಕೂದಲಿನ ಗುಚ್ಛಗಳನ್ನು ಸಿಕ್ಕಿಸಿರುತ್ತಾರೆ. ಮೇಲಿಂದ ಸಿಕ್ಕಾಪಟ್ಟೆ ಆಳ ಕೊರೆದರೆ ಆ ತೂತುಗಳಿಗೆ ತಾಗಿ ಕೂದಲೆಲ್ಲ ಉದುರುತ್ತವೆ. ಆಚಾರ್ರು ಮೂಲೆಯ ಒಂದು ಗುಚ್ಛ ಎಳೆದು ತೆಗೆದರು. ಆ ತೂತಿಗೆ ಹಿಡಿಸೂಡಿ ಕಡ್ಡಿ ಇಳಿಸಿ ಉಗುರಿನಿಂದ ಗುರುತು ಮಾಡಿದರು. ಸುಮಾರು 8 ಮಿಲಿಮೀಟರ್ ಆಳ. ಮರದ ಒಟ್ಟು ದಪ್ಪ 22. "ಜಾಗ ಇದೆ ಅಕ್ಕೋರೆ, ಆದ್ರೆ ಒಂದೇ ಕಡೆಯಿಂದ ತೋಡೋದು ಬೇಡ" ಅಂದರು.

ಬ್ರಷ್‌ನ ಎರಡೂ ಪಕ್ಕದಲ್ಲಿ ಬೆರಳು ಹಿಡಿಯಲು ಉದ್ದಕ್ಕೆ ಒಂದು ತಗ್ಗು ಇರುತ್ತದೆ, ಗಮನಿಸಿದ್ದೀರಾ? ಆಚಾರ್ರು ಸಣ್ಣ ಹಲ್ಲಿನ ಗರಗಸ ಹಾಕಿದ್ದು ಸರಿಯಾಗಿ ಅದರೊಳಗೇ. ಕುಯ್ದ ಗೆರೆ ಆ ತಗ್ಗಿನ ನೆರಳಿನಲ್ಲಿ ಕಾಣುವುದೇ ಇಲ್ಲ. ಮೇಲಿನ ಹೋಳು ಮುಚ್ಚಳವಾಯಿತು. ಅದೇ ಮರದ್ದೇ ಮುಚ್ಚಳ ಆದ್ದರಿಂದ ಎಳೆ ಎಳೆಗೆ ಕೂಡುತ್ತದೆ. ಆಮೇಲೆ ಉಳಿ ಹಿಡಿದು ಕೆಳಗಿನ ಹೋಳಿನಲ್ಲಿ 4, ಮುಚ್ಚಳದಲ್ಲಿ 3 ಮಿಲಿಮೀಟರ್ ತೋಡಿದರು.

ಪೆನ್‌ಡ್ರೈವ್‌ನ ಪ್ಲಾಸ್ಟಿಕ್ ಕವಚವನ್ನು ನಾನೇ ಬಿಚ್ಚಿದೆ. ಅಂಚಿನ ಸಂದಿಗೆ ತೆಳು ಬ್ಲೇಡ್ ಹಾಕಿ ಮೆಲ್ಲಗೆ ಮೀಟಿದರೆ ಬಿಡುತ್ತದೆ. ಒಳಗಿರುವುದು ಒಂದು ಪುಟ್ಟ ಬೋರ್ಡು, ಅದರ ಮುಂದೆ ಲೋಹದ ಮೂತಿ. ಆ ಮೂತಿಯ ಅಳತೆ 12 ಮಿಲಿಮೀಟರ್ ಅಗಲ, 4.5 ದಪ್ಪ. ಕಂಪ್ಯೂಟರಿಗೆ ಚುಚ್ಚುವ ಈ ಚಪ್ಪಟೆ ಮೂತಿಗೆ ಯುಎಸ್‌ಬಿ-ಎ ಅನ್ನುತ್ತಾರೆ, ಎಲ್ಲದಕ್ಕೂ ಇದೇ ಅಳತೆ, ಆದ್ದರಿಂದ ತೋಡುವ ಮುಂಚೆಯೇ ಲೆಕ್ಕ ಹಾಕಬಹುದು. ಬೋರ್ಡಿನ ಭಾಗಕ್ಕೆ ಎಲೆಕ್ಟ್ರಾನಿಕ್ ಅಂಗಡಿಯಲ್ಲಿ ಸಿಗುವ, ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಿದೆ. ಉಳಿದ ಜಾಗಕ್ಕೆ ಸ್ಪಂಜಿನ ಚೂರು ತುಂಬಿದೆ, ಅಲ್ಲಾಡಬಾರದಲ್ಲ. ಜೊತೆಗೆ ತೇವ ಹೀರಲು ಸಿಲಿಕಾ ಜೆಲ್‌ನ ಪುಟ್ಟ ಪೊಟ್ಟಣ.

ಎಂ-ಸೀಲ್ ಹಾಕಿ ಶಾಶ್ವತವಾಗಿ ಮುಚ್ಚಿಬಿಡಿ ಅಂತ ಪಕ್ಕದ ಮನೆಯವರು ಹೇಳಿದರು. ಅದನ್ನು ನಾನು ಒಪ್ಪುವುದಿಲ್ಲ. ತೆಗೆಯೋಕೇ ಆಗದ ಪ್ರತಿ ಇದ್ದೂ ಇಲ್ಲದ ಹಾಗೆ. ಫೆವಿಕ್ವಿಕ್ ಕೂಡ ಬೇಡ. ಅದು ಒಣಗುವಾಗ ಬರುವ ಆವಿ ಅಕ್ಕಪಕ್ಕ ಬಿಳಿ ಪುಡಿಯ ಹಾಗೆ ಕೂರುತ್ತದೆ. ಸಂಪರ್ಕದ ಪಟ್ಟಿಗಳ ಮೇಲೆ ಕೂತರೆ ತೊಂದರೆ. ಆಚಾರ್ರು ಎರಡು ಬಿದಿರಿನ ಮೊಳೆ ಕೂರಿಸಿದರು, ಮುಚ್ಚಳ ಪಕ್ಕಕ್ಕೆ ಜಾರದ ಹಾಗೆ. ಹಿಡಿದುಕೊಳ್ಳಲು ಪುಟ್ಟ ಅಯಸ್ಕಾಂತದ ಬಿಲ್ಲೆಗಳು. "ಅಯಸ್ಕಾಂತ ಇಟ್ರೆ ಒಳಗಿಂದು ಅಳಿಸಿ ಹೋಗಲ್ವಾ?" ಅಂತ ಕೇಳಿದರು. ಒಳ್ಳೇ ಪ್ರಶ್ನೆ. ಕ್ಯಾಸೆಟ್, ಫ್ಲಾಪಿ ಕಾಲದಲ್ಲಿ ಆ ಭಯ ನಿಜ, ಅವುಗಳಲ್ಲಿ ಮಾಹಿತಿ ಕೂತಿರುವುದೇ ಕಾಂತೀಯ ಪುಡಿಯ ಮೇಲೆ. ಪೆನ್‌ಡ್ರೈವ್‌ನಲ್ಲಿರುವ ಫ್ಲಾಶ್ ಮೆಮರಿಯಲ್ಲಿ ಹಾಗಲ್ಲ. ಇಲ್ಲಿ ಎಲೆಕ್ಟ್ರಾನ್‌ಗಳನ್ನು ಸಣ್ಣ ಸಣ್ಣ ಕೋಶಗಳಲ್ಲಿ ಕೂಡಿಹಾಕುತ್ತಾರೆ. ಜಪಾನಿನ ತೋಶಿಬಾದಲ್ಲಿ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ಕಂಡುಹಿಡಿದದ್ದು. ಇಂಥ ಬಿಲ್ಲೆಗಳಿಂದ ಅದಕ್ಕೆ ಏನೂ ಆಗುವುದಿಲ್ಲ.

ಆದರೆ ಬಿಸಿ ಮತ್ತು ಕಾಲ ಎರಡಕ್ಕೂ ಅದು ಹೆದರಬೇಕು. ಕೂಡಿಹಾಕಿದ ಎಲೆಕ್ಟ್ರಾನ್‌ಗಳು ವರ್ಷಗಟ್ಟಲೆಯಲ್ಲಿ ಮೆಲ್ಲಗೆ ಸೋರುತ್ತವೆ. ಬಿಸಿಯಲ್ಲಿದ್ದರೆ ಬೇಗ ಸೋರುತ್ತವೆ. ಬಚ್ಚಿಟ್ಟು ಇಪ್ಪತ್ತು ವರ್ಷ ಮರೆತುಬಿಡುವ ವಸ್ತುವಲ್ಲ ಇದು. ವರ್ಷಕ್ಕೊಮ್ಮೆ ತೆಗೆದು, ಎಲ್ಲ ಫೈಲು ತೆರೆಯುತ್ತವಾ ನೋಡಿ, ಕಂಪ್ಯೂಟರಿಗೆ ಇಳಿಸಿಕೊಂಡು ಮತ್ತೆ ಹೊಸದಾಗಿ ಬರೆಯಬೇಕು. ಸುಮ್ನೆ ಚುಚ್ಚಿ ತೆಗೆದರೆ ಸಾಲದು.

ಇನ್ನು ಬೀಗದ ವಿಷಯ. ಬಚ್ಚಿಡುವುದು ಬೇರೆ, ಬೀಗ ಹಾಕುವುದು ಬೇರೆ. ಯಾರ ಕೈಗಾದರೂ ಸಿಕ್ಕಿದರೂ ಒಳಗಿನದು ಓದೋಕೆ ಬರಬಾರದು. ಮನೆಯ ಕಾಗದಪತ್ರಗಳ ಸ್ಕ್ಯಾನ್ ಕೂಡ ಇದೆಯಲ್ಲ. ಅವನ್ನು ವೆರಾಕ್ರಿಪ್ಟ್‌ನಲ್ಲಿ ಪಾಸ್‌ವರ್ಡ್ ಇಲ್ಲದೆ ತೆರೆಯದ ಒಂದು ಗೂಡು ಮಾಡಿ ಒಳಗೆ ಹಾಕಿದ್ದೇನೆ. ದುಡ್ಡು ಕೊಡಬೇಕಿಲ್ಲದ ಸಾಫ್ಟ್‌ವೇರ್, ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲದರಲ್ಲೂ ನಡೆಯುತ್ತದೆ. ಮಾಡುವವರು ಒಂದು ನೆನಪಿಡಿ. ಪೆನ್‌ಡ್ರೈವ್ ಫೈಲುಗಳನ್ನು ಜೋಡಿಸಿಡುವ ಕ್ರಮ ಎಫ್‌ಎಟಿ32 ಅನ್ನುವ ಹಳೇ ರೂಪದಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಮೊದಲೇ ಎಕ್ಸ್‌ಫ್ಯಾಟ್ ಅನ್ನುವ ಹೊಸ ರೂಪಕ್ಕೆ ಫಾರ್ಮ್ಯಾಟ್ ಮಾಡಿಕೊಳ್ಳಿ.

ಅಮ್ಮನ ಹಾಡುಗಳಿಗೆ ಮಾತ್ರ ನಾನು ಬೀಗ ಹಾಕಿಲ್ಲ. ನನ್ನವರಿಗೆ ಇದು ಸರಿ ಕಾಣಲಿಲ್ಲ, ಎಲ್ಲಕ್ಕೂ ಹಾಕು ಅಂದರು. ನಾನು ಬಗ್ಗಲಿಲ್ಲ. ನಾಳೆ ನಮಗೇನಾದರೂ ಆಗಿ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದೆ ಹೋದರೆ? ಕ್ರಯಪತ್ರದ ನಕಲು ಓದೋಕೆ ಬಾರದಿದ್ದರೆ ಪರವಾಗಿಲ್ಲ. ಅಮ್ಮನ ಹಾಡು ಅಪರಿಚಿತರ ಕೈಗೆ ಸಿಕ್ಕರೂ ಚಿಂತೆಯಿಲ್ಲ, ಅವರೂ ಕೇಳಲಿ. ಮದುವೆ ಮನೆಯಲ್ಲಿ ಊರವರ ಮುಂದೆ ಹಾಡಿದ್ದನ್ನು ನಾನ್ಯಾಕೆ ಮುಚ್ಚಿಡಲಿ?

ಇದೊಂದೇ ಪ್ರತಿ ಅಂತ ಯಾರೂ ತಿಳಿಯಬೇಡಿ. ಒಂದು ಕಂಪ್ಯೂಟರಿನಲ್ಲಿದೆ, ಒಂದು ಮೈಸೂರಿನಲ್ಲಿ ತಂಗಿಯ ಹತ್ತಿರ ಇದೆ. ಕ್ಲೌಡ್‌ನಲ್ಲೂ ಹಾಕಿದ್ದೆ, ಆದರೆ ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ, ಅದರಲ್ಲಿ ಇಮೇಲ್, ಫೋಟೊ ಎಲ್ಲ ಸೇರಿ. ಹಾಡುಗಳು ಸಂಕುಚಿತಗೊಳಿಸದ ವೇವ್ ಫೈಲುಗಳು, ಗಂಟೆಗೆ 600 ಎಂಬಿ ಹತ್ತಿರ ಹತ್ತಿರ ತಿನ್ನುತ್ತವೆ. ಎಲ್ಲ ಹಿಡಿಯಲಿಲ್ಲ.

ಗುಟ್ಟು ಮನೆಯಲ್ಲಿ ಅತ್ತೆಗೆ, ನನ್ನವರಿಗೆ, ನನಗೆ ಗೊತ್ತು. ತಂಗಿಗೂ ಹೇಳಿದ್ದೇನೆ. ಒಬ್ಬರಿಗೇ ಗೊತ್ತಿರುವ ಜಾಗ ಅಂದರೆ ಅರ್ಧ ಕಳೆದುಹೋದ ಹಾಗೆ ಅಂತ ನನ್ನ ಅಭಿಪ್ರಾಯ. (ಇಲ್ಲಿ ಊರ ಹೆಸರು, ಬ್ರಷ್ ಎರಡೂ ಬರೆದಿದ್ದೀಯಲ್ಲ ಅಂತ ನೀವು ಕೇಳಬಹುದು. ಮನೆ ಯಾವುದು ಅಂತ ಬರೆದಿಲ್ಲ, ಡಬ್ಬದ ಜಾಗವನ್ನೂ ಇವತ್ತೇ ಬದಲಿಸಿದ್ದೇನೆ.)

ಇನ್ನೊಂದು ಮಾತು, ಇದು ಮನೆಯಲ್ಲಿ ಇಟ್ಟುಕೊಳ್ಳುವವರಿಗೆ ಮಾತ್ರ. ಇಂಥದ್ದನ್ನು ಬ್ಯಾಗಿನಲ್ಲಿ ಹಾಕಿಕೊಂಡು ವಿಮಾನ ನಿಲ್ದಾಣಕ್ಕೋ ಆಫೀಸಿಗೋ ಹೋಗಬೇಡಿ. ಎಕ್ಸ್‌ರೇಯಲ್ಲಿ ಮರದೊಳಗಿನ ಲೋಹ ಚೆನ್ನಾಗಿ ಕಾಣುತ್ತದೆ. ಯಾಕೆ ಬಚ್ಚಿಟ್ಟಿರಿ ಅಂತ ಕೇಳುವುದು ಅವರ ಕೆಲಸ.

ಸಂಜೆ ತಂಗಿ ಫೋನ್ ಮಾಡಿದ್ದಳು. ಅವಳಿಗೂ ಒಂದು ಬೇಕಂತೆ. ಅವರ ಮನೆಯಲ್ಲಿ ಎಲ್ಲರೂ ಬಟ್ಟೆಯ ಶೂ ಹಾಕುವವರು, ಅಲ್ಲಿ ಶೂ ಬ್ರಷ್ ಇಟ್ಟರೆ ಅದೇ ಎದ್ದು ಕಾಣುತ್ತದೆ. ಅವಳ ಹತ್ತಿರ ಅಜ್ಜಿಯ ಚೆನ್ನೆಮಣೆ ಇದೆ, ಅಡಿಯಲ್ಲಿ ಎರಡು ಬೆರಳು ದಪ್ಪದ ಮರ. ದೀಪಾವಳಿಗೆ ಬರುವಾಗ ತಾ ಅಂದಿದ್ದೇನೆ. ಆಚಾರ್ರಿಗೂ ಹೇಳಿಟ್ಟಾಯಿತು.